ಬೀಗ ಬೀಳದ ಪ್ರಶ್ನೆಪತ್ರಿಕೆ

ತಮ್ಮ ಬರೆಯುವ ಪರೀಕ್ಷೆಗೆ ಅಕ್ಕ ಪ್ರಶ್ನೆಪತ್ರಿಕೆ ಮಾಡುವುದೆಂದರೆ ಸುಮ್ಮನೆ ಮಾತೇ? ಸುಮಿತ್ರಾ ಬೇಡವೆಂದೇ ಹೇಳಿದ್ದಳು. “ನಿಮ್ಮ ಮೇಲೆ ನಂಬಿಕೆ ಇದೆಯಮ್ಮಾ,” ಎಂದು ಮ್ಯಾನೇಜರ್ ಕೇಶವಮೂರ್ತಿ ಅವಳ ತಲೆಗೇ ಕಟ್ಟಿದ್ದರು. ಮುಂಬೈಯ ವಿಕ್ರೋಳಿಯಲ್ಲಿದ್ದ ಆ ಕಾರ್ಖಾನೆಯ ಕಂಪ್ಯೂಟರ್ ವಿಭಾಗದಲ್ಲಿ ಹಂಗಾಮಿಗಳನ್ನು ಖಾಯಂ ಮಾಡುವ ಪರೀಕ್ಷೆ ಅದು. ತಮ್ಮ ನಂಜುಂಡ ಇದರಲ್ಲಿ ಪಾಸಾಗದಿದ್ದರೆ ಮನೆಗೆ ಹೋಗಬೇಕಿತ್ತು.

ಬೆಳಿಗ್ಗೆ ಸ್ಟೇಷನ್ನಿನಿಂದ ನಡೆದು ಬರುವಾಗ ಅವನು, “ಅಕ್ಕಾ, ಆ ಟೇಪ್ ಬ್ಯಾಕಪ್ ಇನ್ನೊಂದ್ಸಲ ಹೇಳೇ,” ಅಂದ. ಅವಳು ಥಟ್ಟನೆ ಅವನ ಮುಖ ನೋಡಿದಳು. ಪತ್ರಿಕೆಯ ಅತಿ ದೊಡ್ಡ ಪ್ರಶ್ನೆ ಅದೇ. ಕಾಕತಾಳೀಯವಿರಬೇಕು ಎಂದುಕೊಂಡು ಬಿರಬಿರನೆ ನಡೆದಳು.

ವಿಭಾಗದ ಯುನಿಕ್ಸ್ ಯಂತ್ರ ಕೆಟ್ಟು ಕೂತಿದ್ದರಿಂದ ಪತ್ರಿಕೆಯನ್ನು ಡಾಸ್ ಇದ್ದ ಪಿಸಿಯಲ್ಲಿ ಟೈಪ್ ಮಾಡಿದ್ದಳು. ಅದರಲ್ಲೂ ಯುನಿಕ್ಸಿನ ಕಮಾಂಡುಗಳು ನಡೆಯುವಂತೆ ಯಾರೋ ಫ್ಲಾಪಿಯಿಂದ ಪ್ರೋಗ್ರಾಮುಗಳನ್ನು ತುಂಬಿದ್ದರು. ಕೈ ರೂಢಿಯಂತೆ ಫೈಲಿಗೆ ಬೀಗ ಹಾಕುವ ಕಮಾಂಡು ಸಿಎಚ್‌ಮಾಡ್ ಒತ್ತಿದ್ದಳು, ತನ್ನ ಹೊರತು ಯಾರೂ ಫೈಲ್ ತೆರೆಯಬಾರದೆಂದು. ಪಿಸಿ ತುಟಿಪಿಟಕ್ಕೆನ್ನಲಿಲ್ಲ. ಯುನಿಕ್ಸಿನವರ ಅಭ್ಯಾಸವೇ ಅದು: ಯಂತ್ರ ಸುಮ್ಮನಿದ್ದರೆ ಕೆಲಸ ಆಯಿತೆಂದು ಎದ್ದು ಹೋಗುವುದು. ಅವಳೂ ಎದ್ದು ಹೋಗಿದ್ದಳು.

ಈಗ ಪ್ರಿಂಟ್ ತೆಗೆಯಲು ಕೂತವಳು ಫೈಲುಗಳ ಪಟ್ಟಿ ನೋಡಿದಳು. ಅಯ್ಯೋ ಶಿವನೇ! ಪತ್ರಿಕೆಯ ಮುಂದೆ ಎಲ್ಲರೂ ಓದಬಹುದು ಎಂದೇ ಇತ್ತು. ಮತ್ತೆ ಕಮಾಂಡು ಕೊಟ್ಟಳು. ಮತ್ತೆ ಮೌನ, ಮತ್ತೆ ಅದೇ ಪಟ್ಟಿ. ಆಗ ಹೊಳೆಯಿತು. ಯುನಿಕ್ಸಿನಂತಲ್ಲ, ಈ ಹಾಳು ಡಾಸಿಗೆ ಯಾರು ಯಾರೆಂಬುದೇ ಗೊತ್ತಿಲ್ಲ, ಕುರ್ಚಿಯಲ್ಲಿ ಕೂತವರೇ ಒಡೆಯರು. ಕಮಾಂಡನ್ನು ಮಾತ್ರ ಸೌಜನ್ಯಕ್ಕೆಂಬಂತೆ ಕೇಳಿಸಿಕೊಂಡು ಬಿಟ್ಟುಬಿಡುತ್ತದೆ.

ನಿನ್ನೆ ಸಂಜೆ ಆ ಕುರ್ಚಿಯಲ್ಲಿ ಕೂತಿದ್ದವನು ನಂಜುಂಡ.

ಅವನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದಳು. “ನಿನ್ನೆ ಈ ಫೈಲ್ ತೆಗೆದ್ಯೇನೋ?”

ಅವನು ಪಿಸಿಯತ್ತ ಒಮ್ಮೆ ನೋಡಿ ತಲೆ ತಗ್ಗಿಸಿದ.

“ಇಲ್ಲಾಂತ ಒಂದ್ಮಾತು ಹೇಳೋ, ನಂಬ್ತೀನಿ.”

ನಂಜುಂಡ ತನ್ನ ಚಪ್ಪಲಿ ನೋಡುತ್ತ ನಿಂತ. ಅವಳಿಗೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು, ಹಿಂದೆಯೇ ಅಳುವೂ ಬಂತು. ಹೊರಗೆ ಉಳಿದ ಅಭ್ಯರ್ಥಿಗಳು ಬಂದು ಸೇರುತ್ತಿದ್ದ ಗಲಾಟೆ ಕೇಳುತ್ತಿತ್ತು. ಈ ಮೌನವನ್ನೂ ನಂಬಿ ಪ್ರಿಂಟ್ ಒತ್ತಿದರೆ ತಮ್ಮನ ನೌಕರಿ ಉಳಿಯುತ್ತದೆ, ಯಾರಿಗೂ ತಿಳಿಯುವುದಿಲ್ಲ. ಬೆರಳು ಕೀಲಿಯ ಮೇಲೇ ಇತ್ತು.

ಅವಳು ಕೈ ಹಿಂದಕ್ಕೆಳೆದು ಫೋನೆತ್ತಿದಳು.

“ಸಾರ್, ಪರೀಕ್ಷೆ ನಿಲ್ಸಿ. ಪೇಪರ್‌ಗೆ ಬೀಗ ಬಿದ್ದಿರ್ಲಿಲ್ಲ, ತಪ್ಪು ನಂದು. ಯಾರೋ ಓದಿದಾರೆ.”

“ಯಾರಮ್ಮಾ?” ಕೇಶವಮೂರ್ತಿಯವರ ದನಿ ರಿಸೀವರಿನಿಂದ ಹೊರಗೂ ಕೇಳಿಸಿತು.

ಸುಮಿತ್ರಾ ಬಾಯಿ ತೆರೆದಳು. ಊರಿನಿಂದ ತಾನೇ ಕೈ ಹಿಡಿದು ಕರೆತಂದಿದ್ದ ತಮ್ಮನ ಹೆಸರು ಹೇಳಲಾಗಲಿಲ್ಲ. “ಹಲೋ? ಯಾರು?” ಎಂದು ಅವರು ಮತ್ತೆ ಕೇಳಿದರು.

ನಂಜುಂಡ ಅವಳ ಕೈಯಿಂದ ರಿಸೀವರ್ ಬಿಡಿಸಿಕೊಂಡ.

“ನಾನು ಸಾರ್, ನಂಜುಂಡ,” ಎಂದ. “ಅಕ್ಕಂಗೆ ಈಗ್ಲೇ ಗೊತ್ತಾಗಿದ್ದು.”