ಅವನ ಕಡೆಯ ಚಕ್ರ

ಹಂಚಿನ ಕಾರ್ಖಾನೆಗೆ ಜೇಡಿಮಣ್ಣು ತೆಗೆಯುವ ಹೊಂಡದಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವಳಿಗಿಂತ ದೊಡ್ಡವರೂ ಹಾಗೇ ಕರೆಯುತ್ತಿದ್ದರು. ಅವಳ ಬೈಗುಳ ತಿಂದವರಿಗೆ ವಯಸ್ಸಿನ ಲೆಕ್ಕ ನೆನಪಿರುತ್ತಿರಲಿಲ್ಲ. ನಿಜಕ್ಕೂ ಅವಳು ಅಕ್ಕನಾಗಿದ್ದದ್ದು ಒಬ್ಬನಿಗೆ ಮಾತ್ರ. ಆ ತಮ್ಮ ಈಗ ಲಾರಿಯ ಎಡಬಾಗಿಲಿಗೆ ಒರಗಿ ಕೂತು, ಉಸಿರನ್ನು ಗುಟುಕು ಗುಟುಕಾಗಿ ಎಳೆದುಕೊಳ್ಳುತ್ತಿದ್ದ. ಮಳೆಗೆ ಹೊಂಡದ ಗೋಡೆ ಕುಸಿದು ಅವನನ್ನು ಕುತ್ತಿಗೆಯವರೆಗೆ ಮುಚ್ಚಿತ್ತು. ಎಳೆದು ತೆಗೆದಾಗ ಮೈಮೇಲೆ ಒಂದು ತರಚು ಗಾಯವೂ ಇರಲಿಲ್ಲ. ಅದೇ ಅವಳಿಗೆ ಸರಿಕಾಣಲಿಲ್ಲ.

ಸ್ಟೀರಿಂಗ್ ಹಿಡಿದ ಅವಳಿಗೂ ತಮ್ಮನಿಗೂ ನಡುವೆ, ಗೇರಿನ ಕೋಲಿನ ಆಚೆಗೊಂದು ಈಚೆಗೊಂದು ಕಾಲು ಹಾಕಿಕೊಂಡು ಮೇಸ್ತ್ರಿ ಕೂತಿದ್ದ. ಆಸ್ಪತ್ರೆ ಇದ್ದದ್ದು ಟಾರು ರಸ್ತೆಯಲ್ಲಿ, ಟಾರು ರಸ್ತೆ ಇದ್ದದ್ದು ಏರಿನ ಮೇಲೆ. ಏರೆಲ್ಲ ಜೇಡಿ. ಒಣಗಿದರೆ ಕಲ್ಲು, ನೆನೆದರೆ ಬೆಣ್ಣೆ. ಅದರ ತಿರುವಿನಲ್ಲಿ ಎಡಕ್ಕೆ ಅಗೆದು ಬಿಟ್ಟ ಹಳೆಯ ಹೊಂಡ, ಅಂಚಿನವರೆಗೂ ಹಳದಿ ನೀರು. ಅದರ ಆಳ ನೋಡಿದವರು ಯಾರೂ ಇರಲಿಲ್ಲ.

ಆ ಹಳೆಯ ಡೀಸೆಲ್ ಲಾರಿಗೆ ನಾಲ್ಕೂ ಚಕ್ರದ ಎಳೆತವಿತ್ತು, ಆದರೆ ಅದು ಪುಕ್ಕಟೆ ಸಿಗುತ್ತಿರಲಿಲ್ಲ. ಇಳಿದು, ಮುಂದಿನ ಎರಡು ಚಕ್ರಗಳಲ್ಲಿ ಒಂದೊಂದರ ನಟ್ಟನಡುವೆ ಇರುವ ಬಿಲ್ಲೆಯನ್ನು ಕೈಯಿಂದ ತಿರುಗಿಸಿ ಕೂಡಿಸಬೇಕು. ಒಂದನ್ನು ಕೂಡಿಸಿ ಇನ್ನೊಂದನ್ನು ಬಿಟ್ಟರೆ ಬಲವೆಲ್ಲ ಬಿಟ್ಟ ಕಡೆಯಿಂದಲೇ ಸೋರಿಹೋಗುತ್ತದೆ. ಅಕ್ಕ ತಮ್ಮ ಈ ಕೆಲಸವನ್ನು ಮೊದಲಿನಿಂದಲೂ ಪಾಲು ಮಾಡಿಕೊಂಡಿದ್ದರು. ಏರಿನ ಬುಡದಲ್ಲಿ ಬಲಗಡೆಯದು ಅವಳಿಗೆ, ಎಡಗಡೆಯದು ಅವನಿಗೆ. "ಆಯ್ತಾ?" ಎಂದು ಅವಳು ಕೇಳಿದರೆ ಅವನು ಬಾನೆಟ್ಟಿನ ಮೇಲೆ ಎರಡು ಸಲ ತಟ್ಟುತ್ತಿದ್ದ. ಬಾಯಿಬಿಟ್ಟು ಹೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತೋ.

ಇವತ್ತೂ ಅವಳು ಏರಿನ ಬುಡದಲ್ಲಿ ಹಾರಿ ಇಳಿದಳು, ತನ್ನ ಕಡೆಯದನ್ನು ತಿರುಗಿಸಿದಳು, ಹಾರಿ ಹತ್ತಿದಳು. "ಆಯ್ತಾ?" ಎಂದು ಕೇಳಲಿಲ್ಲ. ಕಿವಿಯೆಲ್ಲ ತಮ್ಮನ ಉಸಿರಿನ ಮೇಲಿತ್ತು. ಕೈಗೆ ಪಳಗಿದ ಕೆಲಸದಲ್ಲಿ ತಲೆ ಮೂಗು ತೂರಿಸುವುದಿಲ್ಲ.

"ಒಂದೇ ಸಮ ಹೋಗ್ಲಿ ಅಕ್ಕ. ಬ್ರೇಕ್ ಮುಟ್ಬೇಡ," ಎಂದ ಮೇಸ್ತ್ರಿ.

"ನೀನು ಓಡಿಸ್ತೀಯಾ?"

"ಇಲ್ಲ."

"ಹಾಗಾದ್ರೆ ಬಾಯಿಗೆ ಬೀಗ ಹಾಕ್ಕೋ."

ಹೆದರಿದರೆ ಮೇಸ್ತ್ರಿಗೆ ಮಾತು ಹೆಚ್ಚು. "ನಿದ್ದೆ ಮಾಡ್ಬೇಡಪ್ಪ, ಏನಾದ್ರೂ ಮಾತಾಡ್ತಿರು," ಎಂದು ತಮ್ಮನ ಕಡೆ ತಿರುಗಿದ.

"ಚೆನ್ನಾಗಿದ್ದಾಗ್ಲೇ ಮಾತಾಡದೋನು, ಈಗ ಮಾತಾಡ್ತಾನಾ," ಎಂದಳು ಅಕ್ಕ. ತಮ್ಮನ ತುಟಿ ಕೊಂಚ ಅರಳಿತು. ಅಷ್ಟಕ್ಕೇ ಅವಳಿಗೆ ಹೋದ ಜೀವ ಬಂದಂತಾಯಿತು.

ಅರ್ಧ ಏರು ಹೇಗೋ ಹತ್ತಿದರು. ಅಷ್ಟರಲ್ಲಿ ಟೈರಿನ ಹಲ್ಲುಗಳಲ್ಲಿ ಮಣ್ಣು ತುಂಬಿ ಅವು ಬೋಳಾಗಿದ್ದವು. ತಿರುವಿನಲ್ಲಿ ಅವಳು ಸ್ಟೀರಿಂಗನ್ನು ಬಲಕ್ಕೆ ಎಳೆದಳು, ಮೂತಿ ತಿರುಗಲಿಲ್ಲ. ಎಂಜಿನ್ನು ಅರಚಿತು, ಹಿಂಬದಿ ಮೆಲ್ಲಗೆ, ಯಾರೋ ಹಗ್ಗ ಕಟ್ಟಿ ಎಳೆದಂತೆ, ಎಡಕ್ಕೆ ಜಾರತೊಡಗಿತು. ಎಡಗನ್ನಡಿಯಲ್ಲಿ ರಸ್ತೆ ಕಾಣುತ್ತಿದ್ದ ಕಡೆ ಈಗ ಬರೀ ನೀರು ಕಾಣುತ್ತಿತ್ತು. ಅವಳು ಬ್ರೇಕನ್ನು ಒತ್ತಿ ಹಿಡಿದಳು. ಲಾರಿ ಇನ್ನೂ ಸ್ವಲ್ಪ ಜಾರಿ, ಹಿಂದಿನ ಚಕ್ರ ಅಂಚಿಗೆ ಬಂದಾಗ ನಿಂತಿತು.

"ದರಿದ್ರದ್ದು, ಇವತ್ತೇ ಕೈ ಕೊಡ್ಬೇಕಿತ್ತಾ," ಎಂದು ಅವಳು ಹಲ್ಲು ಕಡಿದಳು.

ತಮ್ಮ ಕಣ್ಣು ಬಿಟ್ಟ. "ಅಕ್ಕ, ನನ್ನ ಕಡೇದು ಹಾಕಿಲ್ಲ."

ಅವಳ ಕೈ ಬಾಗಿಲಿನ ಹಿಡಿಗೆ ಹೋಯಿತು. ಇಳಿಯೋಣವೆಂದರೆ ಹ್ಯಾಂಡ್ ಬ್ರೇಕು ಹೆಸರಿಗೆ ಮಾತ್ರ ಇತ್ತು; ಕಾಲು ತೆಗೆದರೆ ಮೂವರೂ ನೀರಿಗೆ. ಅವಳು ಮೇಸ್ತ್ರಿಯ ಮುಖ ನೋಡಿದಳು. "ಯಾವ ಕಡೆಗೆ ತಿರುಗಿಸ್ಬೇಕು?" ಎಂದು ಅವನು ಕೇಳುತ್ತಿರುವಾಗಲೇ ಎಡಬಾಗಿಲು ತೆರೆದುಕೊಂಡಿತು. ಮೇಸ್ತ್ರಿಯ ಕೈಗೆ ತಮ್ಮನ ತೋಳಿನ ಬಟ್ಟೆಯಷ್ಟೇ ಸಿಕ್ಕಿ, ಅದೂ ಜಾರಿತು.

"ಹಿಡ್ಕೊ ಅವನನ್ನ," ಎಂದಳು ಅಕ್ಕ. ಮೇಸ್ತ್ರಿ ಅವನ ಹಿಂದೆಯೇ ಕೆಸರಿಗೆ ಧುಮುಕಿದ.

ಬಾನೆಟ್ಟಿನ ಆಚೆ ಏನಾಗುತ್ತಿದೆಯೆಂದು ಅವಳಿಗೆ ಕಾಣುತ್ತಿರಲಿಲ್ಲ. ಬ್ರೇಕಿನ ಮೇಲಿನ ಕಾಲನ್ನು ಇನ್ನಷ್ಟು ಒತ್ತಿದಳು. ಅಷ್ಟರಲ್ಲಿ ಕೆಸರು ಮೆತ್ತಿದ ಕೈಯೊಂದು ಮೇಲೆದ್ದು ಬಾನೆಟ್ಟಿನ ಮೇಲೆ ಬಿತ್ತು. ಒಂದು. ಎರಡು.

"ಹತ್ತೋ," ಎಂದು ಅವಳು ಕೂಗಿದಳು.

"ಮೊದ್ಲು ಮೇಲೆ ತಗೊಂಡೋಗು," ಎಂದಿತು ತಮ್ಮನ ದನಿ. "ನಿಂತ್ರೆ ಹೋಯ್ತು."

ಅದು ಸರಿಯೆಂದು ಅವಳಿಗೂ ಗೊತ್ತಿತ್ತು, ಅದಕ್ಕೇ ಅವನ ಮೇಲೆ ಕೋಪ ಬಂತು. ಅವಳು ಕ್ಲಚ್ಚು ಬಿಟ್ಟಳು. ಮುಂದಿನ ಚಕ್ರಗಳೆರಡೂ ಮಣ್ಣನ್ನು ಕಚ್ಚಿದವು. ಲಾರಿ ಏನೂ ಆಗಿಲ್ಲವೆಂಬಂತೆ ತಿರುವು ದಾಟಿ, ಮೇಲಿನ ಜಲ್ಲಿ ಹಾಸಿದ ಜಾಗಕ್ಕೆ ಏರಿತು. ಇಷ್ಟು ಸುಲಭವಾಗಿತ್ತಲ್ಲ ಎಂದುಕೊಂಡಳು. ಚಕ್ರಕ್ಕೆ ಕಲ್ಲು ಕೊಟ್ಟು, ಬಿದ್ದು ಎದ್ದು ಕೆಳಗೆ ಓಡಿದಳು.

ಮೇಸ್ತ್ರಿ ಕೆಸರಿನಲ್ಲಿ ಕೂತು ತಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅಷ್ಟು ಮಾತಿನ ಮನುಷ್ಯ ಸುಮ್ಮನಿದ್ದದ್ದನ್ನು ಕಂಡು ಅವಳು ದೂರದಲ್ಲೇ ನಿಂತುಬಿಟ್ಟಳು.

ಆಮೇಲೆ ಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಏನು ಕೇಳಬೇಕೋ ತಿಳಿಯದೆ, ದಿನವೂ ಕೇಳುತ್ತಿದ್ದದ್ದನ್ನೇ ಕೇಳಿದಳು. "ಆಯ್ತಾ?"

ತಮ್ಮನ ಕೈ ಒಂದಿಷ್ಟು ಎದ್ದು, ಕೆಸರಿನ ಮೇಲೆ ಒಂದು ಸಲ ತಟ್ಟಿತು.

ಮೇಸ್ತ್ರಿ ಮುಖ ಆಚೆ ತಿರುಗಿಸಿಕೊಂಡ. ಅವಳು ಇನ್ನೂ ಎರಡನೆಯದಕ್ಕೆ ಕಾಯುತ್ತಿದ್ದಳು.