ತೊದಲುವ ಕರು

ಕಬಾಸೋ ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ನಮೂಂಗಾ ಪರದೆ ನೋಡಲಿಲ್ಲ. ಎದುರು ಕೂತಿದ್ದ ಬಾ ಚಿಬೇಸಾ ಅವರ ಮುಖವನ್ನೇ ನೋಡುತ್ತಿದ್ದಳು. ಹಾಲಿನ ಕಂಪನಿಯ ಜಾಹೀರಾತೆಲ್ಲ ಆ ಹೆಂಗಸಿನ ಕೈಯಲ್ಲಿತ್ತು; ಗೌರವಕ್ಕೆ ಎಲ್ಲರೂ ಅವರ ಹೆಸರಿಗೆ ಮೊದಲು 'ಬಾ' ಸೇರಿಸುತ್ತಿದ್ದರು. ಲುಸಾಕಾ ನಗರದ ಧಗೆ ಒಳಗೆ ಬರಬಾರದೆಂದು ಆ ಕೋಣೆಯ ಕಿಟಕಿಗಳನ್ನು ತೆರೆಯಲಾಗದಂತೆ ಕೂರಿಸಿದ್ದರು.

ಪರದೆಯ ಮೇಲೆ ಕಂಪನಿಯ ಮೊಸರು ಮಬೀಸಿಯ ಪ್ಯಾಕೆಟ್ ಮೂಡಿತು. ಅದರ ಅಂಚಿನಿಂದ ಗಟ್ಟಿ ಮೊಸರಿನ ಒಂದು ಹನಿ ಉರುಳಿ, ಕಾಲು ಬಾಲ ಮೂಡಿಸಿಕೊಂಡು, ಕರುವಾಗಿ ಎದ್ದು ನಿಂತಿತು. ಬಾಯಿ ತೆರೆದು "ಮ..." ಅಂದಿತು. ಮುಂಗಾಲು ಜಾರಿತು. ಮತ್ತೆ ಎದ್ದು "ಮ... ಮ..." ಅನ್ನುವಾಗ ಮತ್ತೆ ಜಾರಿತು. ಕೊನೆಗೆ ಕಾಲೂರಿ ನಿಂತಾಗ ಮಾತು ಪೂರ್ತಿ ಬಂತು: "ಮಬೀಸಿ!" ಬಾಲ ಎತ್ತಿಕೊಂಡು ಪರದೆಯಾಚೆ ಓಡಿತು.

ಬಾ ಚಿಬೇಸಾ ನಕ್ಕರು. ಕಣ್ಣಂಚು ಒರೆಸಿಕೊಂಡು, "ಇನ್ನೊಂದ್ಸಲ ಹಾಕಪ್ಪ," ಅಂದರು.

ಮೇಜಿನ ಕೆಳಗೆ ಕಬಾಸೋ ಖುಷಿಯಿಂದ ನಮೂಂಗಾಳ ಕಾಲಿಗೆ ಒದ್ದ. ಇಬ್ಬರೂ ಸೇರಿ ನಡೆಸುತ್ತಿದ್ದ ಅನಿಮೇಶನ್ ಅಂಗಡಿಗೆ ಮಳೆಗಾಲ ಮುಗಿದಮೇಲೆ ಹೇಳಿಕೊಳ್ಳುವಂಥ ಕೆಲಸ ಬಂದಿರಲಿಲ್ಲ. ಈ ಕರು ದಡ ಸೇರದಿದ್ದರೆ ನಾನು ಮಿನಿಬಸ್ಸಿನ ಬಾಗಿಲಿಗೆ ಜೋತುಬಿದ್ದು ಜನರನ್ನು ಕೂಗಿ ಕರೆಯುತ್ತೇನೆ, ನೀನು ಅದೇ ಬಸ್ಸಿನ ಕಿಟಕಿಗೆ ಟೊಮ್ಯಾಟೊ ಎತ್ತಿಹಿಡಿ ಎಂದು ಬೆಳಿಗ್ಗೆ ತಮಾಷೆ ಮಾಡಿದ್ದ. ಮಾಡುವಾಗ ಅವನು ನಕ್ಕಿರಲಿಲ್ಲ.

ನಮೂಂಗಾಗೆ ಮಾತ್ರ ಖುಷಿಯಾಗಲಿಲ್ಲ. ಕರುವಿನ ಆ ಧ್ವನಿ ಅಲ್ಲಿ ಇರಬಾರದಿತ್ತು.

ಅವರ ಕೆಲಸದಲ್ಲಿ ಕಲಾವಿದರ ಧ್ವನಿ ಬರುವುದು ಒಪ್ಪಂದವಾದಮೇಲೆ. ಅಲ್ಲಿಯವರೆಗೆ ಕೈಗೆ ಸಿಕ್ಕವರ ಧ್ವನಿ ಹಾಕಿ ಚಿತ್ರದ ಬಾಯಿ ಆಡಿಸುವುದು ರೂಢಿ. ಯಾವಾಗಲೂ ಧ್ವನಿ ಕೊಡುತ್ತಿದ್ದ ಕಬಾಸೋಗೆ ಶೀತವಾಗಿತ್ತು. ಭಾನುವಾರ ನಮೂಂಗಾ ಮಗಳು ಲುಸೇಕೋಳನ್ನು ಹೊರಗಿನ ಸದ್ದು ಸೇರದಂತೆ ಕಂಬಳಿಯೊಳಗೆ ಕೂರಿಸಿಕೊಂಡು, ಆ ಒಂದು ಮಾತು ಹೇಳಿಸಿ ಫೋನಿನಲ್ಲಿ ಮುದ್ರಿಸಿಕೊಂಡಿದ್ದಳು. ಲುಸೇಕೋಗೆ ತೊದಲು. ತರಗತಿಯಲ್ಲಿ ಓದಲು ಎದ್ದು ನಿಂತರೆ ಹಿಂದಿನ ಬೆಂಚಿನವರು ದನದಂತೆ ಕೂಗುತ್ತಿದ್ದರು. ಅದಕ್ಕೇ ಕಂಬಳಿಯೊಳಗೇ ಒಂದು ಷರತ್ತು ಹಾಕಿದ್ದಳು. "ನೀ... ನೀನು ಬಿಟ್ಟು ಬೇ... ಬೇರೆ ಯಾರೂ ಕೇಳಬಾರದು." ಕಬಾಸೋನ ಶೀತ ಇಳಿದ ಕೂಡಲೇ ಬದಲಾಯಿಸುತ್ತೇನೆಂದು ನಮೂಂಗಾ ಮಾತು ಕೊಟ್ಟಿದ್ದಳು.

ಆದರೆ ಕೆಲಸಕ್ಕೆ ಕೂತಾಗ ಮಗಳು ತಡೆದು ನಿಂತ ಕಡೆಯೆಲ್ಲ ಕರುವಿನ ಕಾಲು ಜಾರಿಸಿದಳು. ಮಗಳ ಮಾತು ಹೊರಬಂದ ಕಡೆ ಅದನ್ನು ನಿಲ್ಲಿಸಿದಳು. ಈ ದಿನ ಬೆಳಿಗ್ಗೆ ಕಬಾಸೋನ ಧ್ವನಿ ಕೂರಿಸಿ ನೋಡಿದರೆ ಕರು ಬರೀ ಬೊಂಬೆಯಾಯಿತು. ಇನ್ನಷ್ಟು ಹೊತ್ತು ಹೆಣಗಿ, ಕೊನೆಗೆ ಮಗಳದ್ದನ್ನೇ ಬಿಟ್ಟು ಬಂದಿದ್ದಳು. ಈ ಕೋಣೆಯಲ್ಲಿ ಒಂದೇ ಸಲ ಕೇಳಿ ಮರೆತುಬಿಡುತ್ತಾರೆ ಅಂದುಕೊಂಡಿದ್ದಳು.

"ಯಾರ ಧ್ವನಿ ಇದು?" ಬಾ ಚಿಬೇಸಾ ಕೇಳಿದರು.

"ಸುಮ್ನೆ ಈಗಿನ ಮಟ್ಟಿಗೆ ಹಾಕಿದ್ದು. ಆಮೇಲೆ ಕಲಾವಿದರನ್ನ..."

"ಕರೆಸ್ತೀನಿ ಅಂತೀಯ. ಬೇಡಮ್ಮ. ಇದೇ ಇರ್ಲಿ." ಎದುರಿನವರ ಮಾತು ತಾವೇ ಮುಗಿಸುವುದು ಅವರ ಅಭ್ಯಾಸ.

ಕಬಾಸೋಗೆ ತಡೆಯಲಾಗಲಿಲ್ಲ. "ಹೇಳು ಮತ್ತೆ, ಬನಾ ಲುಸೇಕೋ. ನಾಚಿಕೆ ಯಾಕೆ?"

ಮಗು ಹೆತ್ತಮೇಲೆ ಹೆಂಗಸನ್ನು ಮಗುವಿನ ತಾಯಿಯೆಂದೇ ಕರೆಯುವ ಊರು ಅದು. ಅವನು ದಿನವೂ ಕರೆಯುವಂತೆ ಕರೆದ, ಅಷ್ಟೆ. ಆದರೆ ಮಗಳ ಹೆಸರು ಆ ಕೋಣೆಗೆ ಬಂದು ಕುರ್ಚಿ ಎಳೆದುಕೊಂಡು ಕೂತಂತಾಯಿತು.

"ನಿನ್ನ ಮಗಳೇ? ಎಷ್ಟು ಚೆನ್ನಾಗಿ ನಟಿಸಿದಾಳೆ."

"ನಟನೆ ಅಲ್ಲ. ಅವಳು ಮಾತಾಡೋದೇ ಹಾಗೆ."

ಇಷ್ಟು ಹೇಳಿದರೆ ಅವರೇ ಹಿಂದೆ ಸರಿಯುತ್ತಾರೆ ಎಂದು ನಮೂಂಗಾ ನಂಬಿದ್ದಳು. ಬಾ ಚಿಬೇಸಾ ಅವಳ ಕೈಮೇಲೆ ಕೈಯಿಟ್ಟರು. ಹಾಗಾದರೆ ಇನ್ನೂ ಒಳ್ಳೆಯದು, ಮಗುವಿನ ಮುಖವನ್ನೇ ಪ್ಯಾಕೆಟ್ಟಿನ ಮೇಲೆ ಹಾಕೋಣ, ಅಂಥ ಮಕ್ಕಳಿಗೆಲ್ಲ ಧೈರ್ಯ ಬರುತ್ತದೆ ಅಂದರು. ಅವರ ಕೈ ಬೆಚ್ಚಗಿತ್ತು. ಕೆಟ್ಟವರಾಗಿದ್ದರೆ ಎದ್ದು ಹೋಗಬಹುದಿತ್ತು. ಬೇರೆ ಮಗುವಿನಿಂದ ಹಾಗೇ ಹೇಳಿಸಿದರೆ? ಆಗಲೂ ಲುಸೇಕೋ ಓದಲು ಎದ್ದಾಗ ಇಡೀ ಶಾಲೆ ಮಬೀಸಿ ಎಂದು ಕೂಗುತ್ತದೆ. ಯಾವ ಕಡೆ ತಿರುಗಿದರೂ ದಾರಿ ಮುಚ್ಚಿತ್ತು.

"ಅವಳನ್ನ ಒಂದು ಮಾತು ಕೇಳ್ಬೇಕು."

"ಕೇಳು, ಕೇಳು. ಯಾವ ಮಗು ಟಿವಿಲಿ ಬರಲ್ಲ ಅನ್ನುತ್ತೆ? ಸಂಜೆ ನಾನೇ ಫೋನ್ ಮಾಡ್ತೀನಿ."

ಮೆಟ್ಟಿಲಿಳಿಯುವಾಗ ನಮೂಂಗಾ ತಾನು ಕೊಟ್ಟ ಮಾತನ್ನು ಕಬಾಸೋಗೆ ಹೇಳಿದಳು. ರಸ್ತೆ ತಲುಪಿದಾಗ ಅವನು ಲ್ಯಾಪ್‌ಟಾಪಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡ. ಆಮೇಲೆ, "ನಮ್ಮತ್ರ ಇನ್ನೊಂದು ಕರು ಇಲ್ಲ, ಬನಾ ಲುಸೇಕೋ," ಅಂದ.

ಸಂಜೆ ಮೆಕ್ಕೆಜೋಳದ ಮುದ್ದೆ ನ್ಶೀಮಾ ತೊಳಸುತ್ತ ನಮೂಂಗಾ ಮಗಳಿಗೆ ಏನನ್ನೂ ಮುಚ್ಚಿಡದೆ ಹೇಳಿದಳು. ಕುಂಬಳದ ಸೊಪ್ಪಿನ ನಾರು ತೆಗೆಯುತ್ತಿದ್ದ ಲುಸೇಕೋಳ ಕೈ ನಿಂತಿತು. ನಮೂಂಗಾ ಕಾದಳು. ಒಲೆಯ ಮೇಲೆ ಏನೇ ಸೀಯಲಿ, ಮಗಳ ಮಾತನ್ನು ಅವಳು ಒಮ್ಮೆಯೂ ತಾನು ಮುಗಿಸಿದವಳಲ್ಲ.

ಈ ಸಲ ಕಾಯಬೇಕಾಗಲಿಲ್ಲ. "ಆಯ್ತಮ್ಮ," ಅಂದಳು ಲುಸೇಕೋ. ಎಲ್ಲೂ ತಡೆಯದೆ, ಥಟ್ಟನೆ.

ನಮೂಂಗಾ ಸೌಟು ಬಿಟ್ಟು ಮಗಳತ್ತ ತಿರುಗಿದಳು. ಮಗಳು ಹೀಗೆ ಸಲೀಸಾಗಿ ಮಾತಾಡುತ್ತಿದ್ದುದು ಅಂಗಡಿಯಲ್ಲಿ, ಶಾಲೆಯಲ್ಲಿ. ತಪ್ಪಿಸಿಕೊಂಡು ಓಡಲು ಮೊದಲೇ ಬಾಯಲ್ಲಿ ಇಟ್ಟುಕೊಂಡ ಪುಟ್ಟ ಮಾತುಗಳು ಅವು. ಮನೆಯೊಳಗೆ ಅಂಥ ಮಾತು ಎಂದೂ ಬಂದಿರಲಿಲ್ಲ.

ಫೋನು ಬಡಿದುಕೊಂಡಿತು.

"ಏನಂದ್ಲು ಹುಡುಗಿ?"

"ಆಯ್ತು ಅಂದ್ಲು. ಆದ್ರೆ..."

"ಆದ್ರೆ ಹೆದರಿಕೆ, ಅಷ್ಟೇ ತಾನೆ? ಶನಿವಾರ ಕರ್ಕೊಂಡ್ ಬಾ, ನಾನು..."

"ಬಾ ಚಿಬೇಸಾ, ನನ್ನ ಮಾತು ಮುಗಿದಿಲ್ಲ. ಸ್ವಲ್ಪ ಕಾಯಿರಿ."

ಬಾ ಚಿಬೇಸಾ ಕಾದರು. ಮಾತು ನಮೂಂಗಾಳ ನಾಲಿಗೆಗೆ ಬಂದು ಬಂದು ಒಳಗೆ ಸರಿಯಿತು. ಕಬಾಸೋನ ಮುಖ ಕಣ್ಣೆದುರು ನಿಂತಿತು. ಪಾತ್ರೆಯ ತಳ ಹಿಡಿದ ವಾಸನೆ ಎದ್ದಿತು. ಲುಸೇಕೋ ಹತ್ತಿರ ಬಂದು, ಅಮ್ಮನ ಬಾಯನ್ನೇ ನೋಡುತ್ತ, ಅವಸರವಿಲ್ಲದೆ ನಿಂತಳು.

"ಆ ಕರು ಕೊಡೋದಿಲ್ಲ," ಅಂದಳು ನಮೂಂಗಾ. "ಅದು ತೊದಲೋದನ್ನ ಬೇರೆ ಯಾರ ಬಾಯಲ್ಲೂ ಹೇಳಿಸೋದು ಬೇಡ. ಬೇರೆ ಏನಾದ್ರೂ ಮಾಡ್ಕೊಡ್ತೀನಿ."

ಬಾ ಚಿಬೇಸಾ ಕೋಪಿಸಿಕೊಳ್ಳಲಿಲ್ಲ. ದಣಿದಿದ್ದೀಯ, ಮಲಗಿ ಎದ್ದು ಯೋಚಿಸು, ಬೆಳಿಗ್ಗೆ ಕಬಾಸೋ ಜೊತೆಗೂ ಮಾತಾಡುತ್ತೇನೆ ಎಂದು ಅದೇ ಬೆಚ್ಚಗಿನ ದನಿಯಲ್ಲಿ ಹೇಳಿ ಫೋನಿಟ್ಟರು. ಬೇಡ ಎಂಬುದನ್ನು ಅವರು ಕೇಳಿಸಿಕೊಂಡೇ ಇರಲಿಲ್ಲ. ನಾಳೆ ಮತ್ತೆ ಹೇಳಬೇಕು, ಇಬ್ಬರಿಗೂ.

ಲುಸೇಕೋ ಸೌಟು ತೆಗೆದುಕೊಂಡು ಪಾತ್ರೆಯ ತಳ ಕೆರೆದಳು.

"ಸೀ... ಸೀ..." ಅಂದಳು. ನಮೂಂಗಾ ಒಲೆ ಆರಿಸಿ ಕಾದಳು. "ಸೀದುಹೋಗಿದೆ ಅಮ್ಮ."