ತೆರೇಸಾಳ ಅಧ್ಯಾಯ

ಅನೂಪ್ ಗ್ಯಾರೇಜಿನ ಮುಂದೆ ನಿಂತು ತೋಟದ ಪೈಪಿನಿಂದ ಒಬ್ಬೊಬ್ಬರ ಕಾಲಿಗೂ ನೀರು ಬಿಡುತ್ತಿದ್ದ. ಅಪ್ಪನನ್ನು ಆಗಷ್ಟೇ ಬೆಂಕಿಗೆ ಒಪ್ಪಿಸಿ ಬಂದಿದ್ದ. ಯಾರ ಕಾಲು ಎಂದು ನೋಡುವ ಸ್ಥಿತಿಯಲ್ಲಿರಲಿಲ್ಲ. ಹಾಗಾಗಿ ಸಾಲಿನ ಕೊನೆಯಲ್ಲಿದ್ದ ಬಿಳಿಯ ಮುದುಕನ ಪಾಲಿಶ್ ಮಾಡಿದ ಶೂಗಳಿಗೂ ನೀರು ಬಿತ್ತು. ಮುದುಕ ಬೇಸರಿಸಲಿಲ್ಲ. ಇದೂ ಒಂದು ಪದ್ಧತಿ ಇರಬೇಕೆಂದು ಶೂ, ಸಾಕ್ಸ್ ಎಲ್ಲ ಬಿಚ್ಚಿ ಕಾಲು ಮುಂದೊಡ್ಡಿದ.

“ಯಾರಯ್ಯಾ ಇವ್ರು? ನಿಮ್ಮಪ್ಪನ ಆಫೀಸಿನವ್ರಾ?” ಎಂದು ಪಕ್ಕದ ಬೀದಿಯ ತಿರುಮಲ ಪಿಸುಗುಟ್ಟಿದರು.

“ಗೊತ್ತಿಲ್ಲ ಅಂಕಲ್. ನಿಮ್ಜೊತೆ ಬಂದ್ರು ಅನ್ಕೊಂಡೆ.”

ಮುದುಕ ತಾನೇ ಹೇಳಿಕೊಂಡ. ಹೆಸರು ರೆನ್ಸೊ ಬೊನ್ಸಾಂತಿ, ಊರು ಇಟಲಿ. ಆಸ್ಟಿನ್ನಿನಲ್ಲಿ ಹಳೆಯ ರೇಸ್ ಕಾರುಗಳ ಓಟಕ್ಕೆ ಬಂದಿದ್ದವನು, ತನಗೆ ಮೂವತ್ತು ವರ್ಷ ಪತ್ರ ಬರೆದ ಅನೂಪನ ಅಪ್ಪ ವೆಂಕಟಗಿರಿಯವರನ್ನು ಮೊದಲ ಸಲ ನೋಡಲು ಅವರ ಊರು ಕೇಟಿಗೆ ಬಂದಿದ್ದ. ಸೋಮವಾರ ಊಟಕ್ಕೆ ಬನ್ನಿ ಎಂದು ಕರೆದವರೇ ಅವರು.

ಒಳಗೆ ಸ್ನಾನ ಮುಗಿಸಿ ಕೂತಿದ್ದ ಅನೂಪನ ಅಮ್ಮ ರಾಜಲಕ್ಷ್ಮಿ, ಬೊನ್ಸಾಂತಿ ಎಂಬ ಹೆಸರು ಕೇಳಿ ಎದ್ದು ನಿಂತರು. “ಅಯ್ಯೋ, ಅವ್ರು ನಿಜವಾಗ್ಲೂ ಇದಾರಾ!”

*

ವೆಂಕಟಗಿರಿ ತೈಲ ಕಂಪನಿಯಲ್ಲಿ ವಾಲ್ವ್ ಪರೀಕ್ಷಿಸುವ ಎಂಜಿನಿಯರ್. ಒಮ್ಮೆ ಕೆಲಸದ ಮೇಲೆ ಇಟಲಿಗೆ ಹೋದಾಗ, ಕೊಟ್ಟಿಗೆಯಲ್ಲಿ ಕೋಳಿಗಳು ಮಲಗಿದ್ದ ಒಂದು ಕೆಂಪು ರೇಸ್ ಕಾರು ನೋಡಿ ಬಂದರು. ಅಲ್ಲಿಂದ ಶುರುವಾಯಿತು. ಆ ಕಾರು ಮಾಡಿದ ಬೊನ್ಸಾಂತಿ ಅಣ್ಣತಮ್ಮಂದಿರು ಮನೆಯ ಹಿಂದಿನ ಶೆಡ್ಡಿನಲ್ಲಿ ಹನ್ನೊಂದು ವರ್ಷಕ್ಕೆ ಕಟ್ಟಿದ್ದು ಇಪ್ಪತ್ತಮೂರು ಕಾರು, ಗೆದ್ದದ್ದು ಎರಡೇ ರೇಸು. ಅಣ್ಣ ಬೆಸುಗೆ ಹಾಕುತ್ತಿದ್ದ, ತಮ್ಮ, ಅಂದರೆ ರೆನ್ಸೊನ ಅಪ್ಪ, ಎಂಜಿನ್ ಕೂರಿಸುತ್ತಿದ್ದ. ಪರೀಕ್ಷೆಗೆ ಊರ ರಸ್ತೆಯೇ. ಇಷ್ಟರ ಚರಿತ್ರೆಯನ್ನು ವೆಂಕಟಗಿರಿ ಪ್ರತಿ ಭಾನುವಾರ ಗ್ಯಾರೇಜಿನಲ್ಲಿ ಕೂತು ಬರೆದರು, ಅದೂ ಕನ್ನಡದಲ್ಲಿ. ಇಂಗ್ಲಿಷಿನಲ್ಲಿ ತನಗೆ ಆಫೀಸಿನ ರಿಪೋರ್ಟು ಮಾತ್ರ ಬರುತ್ತದೆ ಎನ್ನುತ್ತಿದ್ದರು.

“ಯಾರ್ದೋ ಮನೆ ಕಥೆ ಬರಿಯಕ್ಕೆ ಟೈಮಿದೆ, ನಂಜೊತೆ ಕೂತು ಒಂದು ಕಾಫಿ ಕುಡಿಯಕ್ಕಿಲ್ಲ,” ಎಂದು ರಾಜಲಕ್ಷ್ಮಿ ಜಗಳವಾಡಿ ಸೋತಿದ್ದರು. ನಲವತ್ತಾರು ವರ್ಷ ಜೊತೆಗಿದ್ದ ಮನುಷ್ಯ ತನ್ನನ್ನು ಒಮ್ಮೆಯಾದರೂ ಸರಿಯಾಗಿ ನೋಡಿದ್ದರೇ ಎಂಬುದು ಅವರಿಗೆ ಬಗೆಹರಿದಿರಲಿಲ್ಲ. ಬೆಳಿಗ್ಗೆ ಚಿತಾಗಾರದಲ್ಲಿಯೂ ಅದೇ ಯೋಚನೆ. ಅಳು ಬರಲಿಲ್ಲ.

*

ರೆನ್ಸೊ ಕೇಳಿದ್ದು ಒಂದೇ, ತಾಯಿಯ ಅಧ್ಯಾಯ. ಅವನ ತಾಯಿ ತೆರೇಸಾ ತೀರಿಕೊಂಡಾಗ ಅವನಿಗೆ ಎರಡು ವರ್ಷ. ಅಪ್ಪ ಅವಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹಳೆಯ ಮೆಕ್ಯಾನಿಕ್ಕುಗಳನ್ನೆಲ್ಲ ವಿಚಾರಿಸಿ ತೆರೇಸಾಳ ಅಧ್ಯಾಯ ಬರೆದಿದ್ದೇನೆ, ಬಂದಾಗ ಓದಿ ಹೇಳುತ್ತೇನೆ ಎಂದು ವೆಂಕಟಗಿರಿ ಮಾತು ಕೊಟ್ಟಿದ್ದರು.

ಮೊಮ್ಮಗಳು ದಿಯಾಗೆ ಕನ್ನಡ ಅರ್ಥವಾಗುತ್ತಿತ್ತು, ಓದಲು ಬರುತ್ತಿರಲಿಲ್ಲ. ಹೀಗಾಗಿ ರಾಜಲಕ್ಷ್ಮಿಯೇ ಕನ್ನಡಕ ಹಾಕಿಕೊಂಡು ಓದಿದರು, ದಿಯಾ ಇಂಗ್ಲಿಷಿನಲ್ಲಿ ಹೇಳುತ್ತ ಹೋದಳು.

‘ತೆರೇಸಾ ಎಂಟು ಜನ ಮೆಕ್ಯಾನಿಕ್ಕುಗಳಿಗೆ ಬಡಿಸಿ, ತಳ ಕೆರೆದು ತಾನು ಉಣ್ಣುತ್ತಿದ್ದಳು. ಕೋಪ ಬಂದರೆ ಗಂಡನೊಡನೆ ಮಾತು ಬಿಟ್ಟು ಒಲೆಯೊಡನೆ ಮಾತಾಡುತ್ತಿದ್ದಳು. ಅವನು ಕಾರು ಪರೀಕ್ಷಿಸಲು ಹೋದಾಗ, ವಾಪಸು ಸದ್ದು ಕೇಳುವ ತನಕ, ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದಳು.’

ರಾಜಲಕ್ಷ್ಮಿಯ ದನಿ ತಡವರಿಸಿತು. ಮುಂದೆ: ‘ಸಾರನ್ನು ನಾಲಿಗೆಗಿಟ್ಟು ನೋಡಿದವಳೇ ಅಲ್ಲ. ಕುದಿ ನೋಡಿಯೇ ಉಪ್ಪು ಸರಿಯಿದೆ ಎನ್ನುತ್ತಿದ್ದಳು. ದೇವರಿಗೆ ಮೊದಲು.’

ರೆನ್ಸೊ ಬಿಕ್ಕಿದ. ತಳಮಳವಾದಾಗ ತಾನೂ ಕರವಸ್ತ್ರ ಮಡಿಸಿ ಬಿಚ್ಚುತ್ತೇನೆ, ಅದು ಎಲ್ಲಿಂದ ಬಂತೆಂದು ಎಪ್ಪತ್ತೈದು ದಾಟಿದ ಮೇಲೆ ತಿಳಿಯಿತು ಎಂದ.

ದಿಯಾ ಅನುವಾದ ಬಿಟ್ಟು ಅಜ್ಜಿಯತ್ತ ತಿರುಗಿ ಮೆಲ್ಲಗೆ ಹೇಳಿದಳು: “ಅಜ್ಜಿ, ದಿಸ್ ಈಸ್ ಯೂ.”

ರಾಜಲಕ್ಷ್ಮಿಗೆ ದಿಕ್ಕೇ ತೋಚಲಿಲ್ಲ. ನಿಜ ಹೇಳಿದರೆ ಈ ಮುದುಕನ ತಾಯಿ ಎರಡನೆಯ ಸಲ ಸತ್ತಂತೆ. ಹೇಳದಿದ್ದರೆ ಗಂಡ ತನ್ನನ್ನು ನೋಡಿದ್ದಕ್ಕೆ ಇದ್ದ ಒಂದೇ ಸಾಕ್ಷಿ ಯಾರೋ ಹೆಂಗಸಿನ ಹೆಸರಿನಲ್ಲಿ ಇಟಲಿಗೆ ಹೋಗುತ್ತದೆ. ಸಿಟ್ಟು ಬಂತು, ನಗುವೂ ಬಂತು.

“ಸುಮ್ನೆ ಅವ್ರಿಗೆ ಹೇಳೇ,” ಎಂದು ಹಾಳೆ ತಿರುಗಿಸಿದರು.

‘ತೆರೇಸಾ ಬಹಳ ಚೆಲುವೆ. ಗಂಡ ಅದನ್ನು ಬಾಯಿಬಿಟ್ಟು ಹೇಳಲಿಲ್ಲ.’

ದಿಯಾ ಹೇಳಿದಳು. ರೆನ್ಸೊ ತಲೆಯಾಡಿಸಿದ. ರಾಜಲಕ್ಷ್ಮಿ ಅದೇ ಸಾಲನ್ನು ಇನ್ನೊಮ್ಮೆ ಓದಿದರು, ಮತ್ತೊಮ್ಮೆ ಓದಿದರು, ದಿಯಾ ಅನುವಾದಿಸುವುದನ್ನು ನಿಲ್ಲಿಸಿದ ಮೇಲೂ ಓದುತ್ತಲೇ ಇದ್ದರು.